ಗಂಡು ಮಗುವಿಗೂ ಏಕೆ ರುಬೆಲ್ಲಾ ಲಸಿಕೆ?

ರುಬೆಲ್ಲಾದಿಂದ ಅಪಾಯವಿರುವುದು ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೆ. ಹಾಗಿದ್ದಮೇಲೆ ಗಂಡು ಮಕ್ಕಳಿಗೇಕೆ ಚುಚ್ಚುಮದ್ದು ಎಂದು ತಾಯ್ತಂದೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳಿಗೆ ಈ ಕಾಯಿಲೆ ಬಂದರೆ ಸಣ್ಣ ಜ್ವರ, ಎರಡು ಮೂರು ದಿನದ ದದ್ದು, ಅಷ್ಟೆ. ಎಷ್ಟೋ ಸಲ ಬಂದುಹೋದದ್ದೂ ತಿಳಿಯುವುದಿಲ್ಲ. ವೈದ್ಯರೂ ಬಹುಕಾಲ ಇದನ್ನು ಲೆಕ್ಕಕ್ಕಿಟ್ಟಿರಲಿಲ್ಲ.

1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ಹುಟ್ಟುತ್ತಲೇ ಕಣ್ಣಿನಲ್ಲಿ ಪೊರೆಯಿದ್ದ 78 ಮಕ್ಕಳ ವಿವರ ಮುಂದಿಟ್ಟರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತು. ಹೆಚ್ಚಿನವರಿಗೆ ಮೊದಲ ತಿಂಗಳುಗಳಲ್ಲೇ. ಹಲವು ಮಕ್ಕಳಿಗೆ ಹೃದಯದ ದೋಷವೂ ಇತ್ತು. ಈ ದೋಷಗಳಿಗೆ ರುಬೆಲ್ಲಾವೇ ಕಾರಣವೆಂಬುದು ರುಜುವಾತಾಗಿಲ್ಲವೆಂದು 1944ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಬರೆಯಿತು. ಆ ಅನುಮಾನಕ್ಕೆ ಕಾರಣವಿತ್ತು: ಆರೋಗ್ಯವಂತ ಮಕ್ಕಳನ್ನು ಹೆತ್ತವರಲ್ಲಿ ಎಷ್ಟು ಮಂದಿಗೆ ರುಬೆಲ್ಲಾ ಬಂದಿತ್ತೆಂದು ಗ್ರೆಗ್ ಎಣಿಸಿರಲಿಲ್ಲ. ತಾಯಂದಿರ ನೆನಪನ್ನು ಅವಲಂಬಿಸದ ಪುರಾವೆ ಒದಗಿಸಿದವರು ಸಂಖ್ಯಾಶಾಸ್ತ್ರಜ್ಞ ಆಲಿವರ್ ಲ್ಯಾಂಕಾಸ್ಟರ್. ಹಳೆಯ ಜನಗಣತಿಗಳನ್ನು ತಡಕಿ, ಆಸ್ಟ್ರೇಲಿಯದಲ್ಲಿ ಕಿವುಡು ಮಕ್ಕಳು ಹೆಚ್ಚಾಗಿ ಹುಟ್ಟಿದ ವರ್ಷಗಳು ರುಬೆಲ್ಲಾ ಹಾವಳಿಯ ಬೆನ್ನಿಗೇ ಬಂದಿದ್ದವೆಂದು 1951ರಲ್ಲಿ ಅವರು ತೋರಿಸಿದರು. ವೈರಸ್ಸು ತಾಯಿಯ ರಕ್ತದಿಂದ ಮಾಸನ್ನು ದಾಟಿ ಭ್ರೂಣ ಸೇರುತ್ತದೆ. ಮೊದಲ 12 ವಾರಗಳಲ್ಲಿ ಕಣ್ಣು, ಕಿವಿ, ಹೃದಯ ರೂಪುಗೊಳ್ಳುತ್ತಿರುವುದರಿಂದ ಆಗಲೇ ಹಾನಿ ಹೆಚ್ಚು. 1964-65ರಲ್ಲಿ ಅಮೆರಿಕದಲ್ಲಿ ಸುಮಾರು 20,000 ಶಿಶುಗಳು ಇಂಥ ಊನಗಳೊಂದಿಗೆ ಹುಟ್ಟಿದವು.

ಹಾಗಾದರೆ ಹುಡುಗಿಯರಿಗಷ್ಟೇ ಲಸಿಕೆ ಹಾಕಿದರೆ ಸಾಲದೇ? ಬ್ರಿಟನ್ 1970ರಿಂದ ಅದನ್ನೇ ಮಾಡಿತು. ಆದರೆ ಹುಡುಗರಲ್ಲೂ ಎಳೆಯ ಮಕ್ಕಳಲ್ಲೂ ವೈರಸ್ಸು ಸುತ್ತುತ್ತಲೇ ಇತ್ತು. ಲಸಿಕೆ ತಪ್ಪಿದ ಬಸುರಿಯರಿಗೆ ಅಂಟುತ್ತಲೂ ಇತ್ತು. 1988ರಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಎಂದು ಆ ದೇಶ ನೀತಿ ಬದಲಿಸಿತು. ಎಳವೆಯಲ್ಲಿ ರೋಗ ತಾನಾಗಿ ಬಂದುಹೋದರೆ ರಕ್ಷಣೆ ಸಿಗುತ್ತದಲ್ಲ ಎಂಬ ವಾದವೂ ಇದೆ. ರಕ್ಷಣೆ ಸಿಗುವುದು ನಿಜ, ಆದರೆ ರೋಗ ಹೊತ್ತ ಆ ಮಗುವಿನ ಪಕ್ಕದಲ್ಲೇ ಬಸುರಿ ತಾಯಿಯೋ ಶಿಕ್ಷಕಿಯೋ ಇರುತ್ತಾರೆ. ಅರೆಬರೆ ಲಸಿಕೆಯಂತೂ ಇನ್ನೂ ಕೆಟ್ಟದ್ದು. ಆಗ ಹರಡುವಿಕೆ ತಗ್ಗಿ, ಎಳವೆಯಲ್ಲಿ ಬರಬೇಕಾದ ರೋಗ ಹೆರಿಗೆಯ ವಯಸ್ಸಿಗೆ ಮುಂದೂಡಲ್ಪಡುತ್ತದೆ. 1993ರಲ್ಲಿ ಗ್ರೀಸ್ ಅನುಭವಿಸಿದ್ದು ಇದನ್ನೇ.

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ಕಡೆ ಶುರುವಾದ ದಡಾರ-ರುಬೆಲ್ಲಾ ಅಭಿಯಾನ, 9 ತಿಂಗಳಿಂದ 15 ವರ್ಷದೊಳಗಿನ ಹೆಣ್ಣು ಗಂಡು ಎಲ್ಲರನ್ನೂ ಒಳಗೊಂಡದ್ದು ಈ ಪಾಠದಿಂದಲೇ. ಈ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್ಸಾದ್ದರಿಂದ ಬಸುರಿನಲ್ಲಿ ಇದನ್ನು ಕೊಡುವಂತಿಲ್ಲ. ರಕ್ಷಣೆಯಿಲ್ಲದೆ ಬಸುರಿಯಾದವಳನ್ನು ಕಾಯಬಲ್ಲವರು ಸುತ್ತಲಿನ ಮಂದಿ ಮಾತ್ರ. ಆದ್ದರಿಂದ 9ನೇ ತಿಂಗಳಿನ ಡೋಸನ್ನೂ 16ರಿಂದ 24 ತಿಂಗಳ ನಡುವಿನ ಡೋಸನ್ನೂ ಗಂಡು ಮಗುವಿಗೂ ತಪ್ಪದೆ ಹಾಕಿಸಬೇಕು.