ಮಣ್ಣಿನ ಹೊದಿಕೆ: ರಬ್ಬರೋ, ತರಗೆಲೆಯೋ?

ಬಿಸಿಲಿಗೆ ಬರಿಮೈಯಾಗಿ ಬಿದ್ದ ಮಣ್ಣು ಬೇಗನೆ ಸಾರಗುಂದುತ್ತದೆ ಎಂಬ ಸಂಗತಿ ನಮ್ಮ ಒಕ್ಕಲು ಮನೆತನಗಳಿಗೆ ಹೊಸತಲ್ಲ. ಕಾಡಿನಲ್ಲಿ ಯಾರೂ ನೀರೆರೆಯದಿದ್ದರೂ ಮರದ ಬುಡವು ತಂಪಾಗಿರುವುದಕ್ಕೆ ಉದುರಿದ ಎಲೆಗಳ ಹಾಸೇ ಮುಖ್ಯ ಕಾರಣ. ಈ ತತ್ತ್ವವನ್ನೇ ಅನುಸರಿಸಿ ಮಲೆನಾಡಿನ ಅಡಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪನ್ನೂ ದರಕನ್ನೂ ತಂದು ತೋಟಕ್ಕೆ ಹೊದಿಸುತ್ತ ಬಂದಿದ್ದಾರೆ. ಕಬ್ಬಿನ ಸೀಮೆಯಲ್ಲಿ ರವದಿಯನ್ನು ಸುಡದೆ ಸಾಲುಗಳ ನಡುವೆ ಹರಡುವ ವಿವೇಕಿಗಳಿದ್ದಾರೆ. ವಿಜಯಪುರದ ಎರೆಹೊಲಗಳಲ್ಲಿ ಹಿಂಗಾರಿ ಜೋಳಕ್ಕೆ ಎಡೆ ಹೊಡೆದು, ಮೇಲ್ಮಣ್ಣನ್ನು ಪುಡಿಮಾಡಿ ಬಿರುಕುಗಳನ್ನು ಮುಚ್ಚುವುದೂ ಒಂದು ಬಗೆಯ ಹೊದಿಕೆಯೇ. ಅಲ್ಲಿ ಮಣ್ಣಿಗೆ ಮಣ್ಣೇ ಹೊದಿಕೆಯಾಗಿ ತೇವವನ್ನು ಕಾಯುತ್ತದೆ.

ಈಚಿನ ದಶಕಗಳಲ್ಲಿ ಈ ಹೊದಿಕೆಗಳ ಸಾಲಿಗೆ ಹೊಸದೊಂದು ವಸ್ತು ಸೇರಿದೆ. ಅದು ಹಳೆಯ ಟಯರುಗಳನ್ನು ಕತ್ತರಿಸಿ ಮಾಡಿದ ರಬ್ಬರ್ ತುಣುಕು. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಅಲ್ಲಿನ ಅಂಗಳಗಳಲ್ಲಿ, ಮಕ್ಕಳ ಆಟದ ಬಯಲುಗಳಲ್ಲಿ, ಕಂದು ಅಥವಾ ಕೆಂಪು ಬಣ್ಣ ಬಳಿದ ಇಂತಹ ತುಣುಕುಗಳನ್ನು ಕಂಡಿರಬಹುದು. ನೋಡಲು ಮರದ ಚಕ್ಕೆಯಂತೆಯೇ ಇರುತ್ತದೆ. ಯಂತ್ರದಲ್ಲಿ ಟಯರುಗಳನ್ನು ಸಿಗಿದು, ಒಳಗಿನ ಉಕ್ಕಿನ ತಂತಿಯನ್ನು ಅಯಸ್ಕಾಂತದಿಂದ ಬೇರ್ಪಡಿಸಿ, ಬಣ್ಣ ಲೇಪಿಸಿ ಚೀಲಗಳಲ್ಲಿ ಮಾರುತ್ತಾರೆ. ಕೊಳೆಯದು, ಗೆದ್ದಲು ತಿನ್ನದು, ಗಾಳಿಗೆ ಹಾರದು, ಒಮ್ಮೆ ಹಾಸಿದರೆ ವರ್ಷಾನುಗಟ್ಟಲೆ ಬಾಳುತ್ತದೆ ಎಂಬುದು ಮಾರುವವರ ಮಾತು. ಈ ಮಾತುಗಳನ್ನು ಕೇಳಿ ನಮ್ಮ ಮನೆಗಳ ಹಿತ್ತಲಿಗೂ ಇದನ್ನು ತರಬಹುದೇ ಎಂದು ಯೋಚಿಸುವವರು ಉಭಯ ಪಕ್ಷವನ್ನೂ ಅರಿತಿರುವುದು ಒಳಿತು.

ಟಯರಿನ ಸಮಸ್ಯೆ ಸಣ್ಣದಲ್ಲ

ಮೊದಲಿಗೆ ಈ ಪ್ರಯತ್ನದ ಹಿಂದಿನ ಸದುದ್ದೇಶವನ್ನು ಒಪ್ಪಬೇಕು. ಎಸೆದ ಟಯರಿನೊಳಗೆ ನಿಂತ ಮಳೆನೀರು ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಸುಟ್ಟರೆ ಏಳುವ ಕರಿಹೊಗೆ ಎದೆಗೆ ವಿಷ. ಹೂತರೂ ಅದು ಕರಗುವುದಿಲ್ಲ. ಭಾರತ ಸರ್ಕಾರವು 2022ರ ಜುಲೈ ತಿಂಗಳಿನಲ್ಲಿ ನಿಯಮಗಳನ್ನು ತಿದ್ದಿ, ಹಳೆಯ ಟಯರುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮತ್ತು ಆಮದುದಾರರ ಮೇಲೆ ಹೊರಿಸಿತು. ಆದುದರಿಂದ ಟಯರನ್ನು ಮತ್ತೊಂದು ಉಪಯೋಗಕ್ಕೆ ತರುವುದು ಸ್ವಾಗತಾರ್ಹವೇ. ಇಲ್ಲಿ ವಿಚಾರಿಸಬೇಕಾದುದು, ಆ ಉಪಯೋಗಕ್ಕೆ ನಮ್ಮ ಮನೆಯ ಮಣ್ಣು ತಕ್ಕ ಸ್ಥಳವೇ ಎಂಬುದನ್ನು ಮಾತ್ರ.

ಒಂದು ಸ್ಥಳದಲ್ಲಿ ಅದರ ಗುಣ ನಿರ್ವಿವಾದ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ, 6 ಅಂಗುಲ ದಪ್ಪದ ರಬ್ಬರ್ ತುಣುಕಿನ ಹಾಸು 10 ಅಡಿ ಎತ್ತರದಿಂದ ಬೀಳುವ ಮಗುವಿಗೆ ರಕ್ಷಣೆ ನೀಡಬಲ್ಲದು. 9 ಅಂಗುಲ ಮರಳಿನ ಹಾಸು ಕಾಯುವುದು 4 ಅಡಿ ಎತ್ತರದ ಬೀಳುವಿಕೆಯನ್ನಷ್ಟೇ. ಉಯ್ಯಾಲೆ, ಜಾರುಬಂಡೆಗಳ ಕೆಳಗೆ ರಬ್ಬರ್ ಹಾಸುವುದರಲ್ಲಿ ಇಂತಹ ಯುಕ್ತಿಯಿದೆ. ಆದರೆ ಅಲ್ಲಿಯೂ ಎಚ್ಚರ ಅಗತ್ಯವೆಂದೇ ಯುರೋಪಿನ ಒಕ್ಕೂಟವು 2022ರ ಆಗಸ್ಟ್‌ನಿಂದ ಆಟದ ಬಯಲಿನ ರಬ್ಬರಿಗೆ ಒಂದು ಮಿತಿಯನ್ನು ವಿಧಿಸಿದೆ. ಕ್ಯಾನ್ಸರಿಗೆ ಕಾರಣವಾಗಬಲ್ಲ 8 ಬಗೆಯ ರಾಸಾಯನಿಕಗಳ ಒಟ್ಟು ಪ್ರಮಾಣ ಕಿಲೋಗ್ರಾಮಿಗೆ 20 ಮಿಲಿಗ್ರಾಮನ್ನು ಮೀರಕೂಡದು.

ಗಿಡದ ಬುಡದ ಮಾತು ಬೇರೆ

ಹೊದಿಕೆಯ ಕೆಲಸ ಎರಡು ಬಗೆಯದು. ತೇವವನ್ನು ಕಾಯ್ದು ಕಳೆಯನ್ನು ಅಡಗಿಸುವುದು ಒಂದು. ತಾನೇ ಕೊಳೆತು, ಎರೆಹುಳುವಿಗೆ ಆಹಾರವಾಗಿ, ಮಣ್ಣಿಗೆ ಸತ್ತ್ವವನ್ನು ಮರಳಿಸುವುದು ಇನ್ನೊಂದು. ರಬ್ಬರ್ ಮೊದಲನೆಯದನ್ನು ಒಂದಿಷ್ಟು ಮಾಡೀತು. ಎರಡನೆಯದನ್ನು ಎಂದಿಗೂ ಮಾಡಲಾರದು. ಕೊಳೆಯದಿರುವುದನ್ನು ಅಂಗಡಿಯವನು ಗುಣವೆಂದು ಹೊಗಳುತ್ತಾನೆ. ಗಿಡದ ಪಾಲಿಗೆ ಅದೇ ದೊಡ್ಡ ಕೊರತೆ.

ಇದರೊಂದಿಗೆ ಟಯರಿನ ರಚನೆಯನ್ನೂ ಗಮನಿಸಬೇಕು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡನು. ಈ ಕ್ರಿಯೆಯನ್ನು ಚುರುಕುಗೊಳಿಸಲು ಇಂದು ಸತುವಿನ ಆಕ್ಸೈಡನ್ನು ಬೆರೆಸುತ್ತಾರೆ. ಟಯರಿನ ತೂಕದಲ್ಲಿ ಅದು ಸುಮಾರು ಶೇಕಡಾ 1ರಿಂದ 2ರಷ್ಟಿರುತ್ತದೆ. ಸತುವಿನ ಕೊರತೆಯಿರುವ ಹೊಲಕ್ಕೆ ರೈತರು ಜಿಂಕ್ ಸಲ್ಫೇಟ್ ಹಾಕುವುದುಂಟಲ್ಲ, ಹಾಗಾದರೆ ಇದರಿಂದ ಲಾಭವೇ ಆಗಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಎಕರೆಗೆ ಕೆಲವೇ ಕಿಲೋ ಅಳೆದು ಹಾಕುವುದು ಔಷಧ. ಬುಡದ ಸುತ್ತ ಹಾಸಿದ ತುಣುಕುಗಳಿಂದ ವರ್ಷಗಟ್ಟಲೆ ಅಳತೆಯಿಲ್ಲದೆ ಜಿನುಗುವುದು ಬೇರುಗಳಿಗೆ ವಿಷವಾಗಬಲ್ಲದು. ಎರೆಮಣ್ಣಿನ ಕ್ಷಾರಗುಣವು ಸತುವನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಮಲೆನಾಡು, ಕರಾವಳಿಗಳ ಹುಳಿಗುಣದ ಕೆಂಪು ಮಣ್ಣಿನಲ್ಲಿ ಅದು ಸುಲಭವಾಗಿ ಕರಗಿ ಬೇರಿಗೆ ತಲಪುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕಾ ವಿಜ್ಞಾನಿ ಲಿಂಡಾ ಚಾಕರ್-ಸ್ಕಾಟ್ ಅವರು ಈ ಕಾರಣಗಳನ್ನೇ ಮುಂದಿಟ್ಟು, ಕೈತೋಟಗಳಿಗೆ ರಬ್ಬರ್ ಹೊದಿಕೆ ತಕ್ಕುದಲ್ಲವೆಂದು ಬರೆದಿದ್ದಾರೆ.

ಟಯರಿನಿಂದ ಹೊರಡುವ ವಸ್ತುಗಳು ಹರಿನೀರಿನೊಡನೆ ಎಷ್ಟು ದೂರ ಸಾಗಬಲ್ಲವೆಂಬುದಕ್ಕೆ ಮತ್ತೊಂದು ನಿದರ್ಶನವಿದೆ. ಅದೇ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಟಯರು ಬಿರಿಯದಂತೆ ಬೆರೆಸುವ ಒಂದು ರಾಸಾಯನಿಕವು ಗಾಳಿಯಲ್ಲಿನ ಓಜೋನಿನೊಡನೆ ಕೂಡಿ ರೂಪುಗೊಂಡ ವಸ್ತುವೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಅದು ರಸ್ತೆಯಲ್ಲಿ ಸವೆದ ಟಯರಿನ ಪುಡಿಯ ಕಥೆ. ಆದರೂ ತುಣುಕಾಗಿ ತೋಟಕ್ಕೆ ಬರುವುದು ಅದೇ ಟಯರೆಂಬುದನ್ನು ಮರೆಯಲಾಗದು.

ಬಿಸಿಲಿನಲ್ಲಿ ರಬ್ಬರ್ ಬಲವಾಗಿ ಕಾಯುತ್ತದೆ; ನಮ್ಮ ವೈಶಾಖದ ಬಿಸಿಲಿಗಂತೂ ಕೇಳುವುದೇ ಬೇಡ. ಒಮ್ಮೆ ಬೆಂಕಿ ಹತ್ತಿದರೆ ಆರಿಸುವುದೂ ಕಷ್ಟ. ದೀಪ, ಊದುಬತ್ತಿ ಹಚ್ಚಿಡುವ ಕಟ್ಟೆಗಳ ಸುತ್ತ ಇದನ್ನು ಹಾಸದಿರುವುದೇ ಲೇಸು.

ಗೃಹಸ್ಥರು ಮಾಡಬಹುದಾದುದು

ಕಾಲುದಾರಿಗೆ ಅಥವಾ ಮಕ್ಕಳ ಉಯ್ಯಾಲೆಯ ಕೆಳಗೆ ರಬ್ಬರ್ ಹಾಕಲೇಬೇಕೆನಿಸಿದರೆ ಕೆಳಗೆ ದಪ್ಪ ಬಟ್ಟೆಯ ಹಾಸನ್ನು ಹರಡಿ, ಸುತ್ತಲೂ ಕಲ್ಲಿನ ಅಂಚು ಕಟ್ಟಿ, ತುಣುಕುಗಳು ಮಣ್ಣಿನೊಡನೆ ಬೆರೆಯದಂತೆ ನೋಡಿಕೊಳ್ಳಬೇಕು. ಬೆರೆತ ಮೇಲೆ ಆರಿಸಿ ತೆಗೆಯುವುದು ಬಹು ಪ್ರಯಾಸದ ಕೆಲಸ. ಕಾಯಿಪಲ್ಲೆಯ ಮಡಿಗಳಿಗೂ, ಹಣ್ಣಿನ ಗಿಡಗಳಿಗೂ, ಪೂಜೆಗೆ ಪತ್ರೆ ಪುಷ್ಪಗಳನ್ನು ಕೊಡುವ ಗಿಡಗಳಿಗೂ ಅದು ಬೇಡ.

ಅವುಗಳಿಗೆ ಬೇಕಾದ ಹೊದಿಕೆ ಮನೆಯ ಆಸುಪಾಸಿನಲ್ಲಿಯೇ ಇದೆ. ಒಣಗಿದ ಎಲೆ, ಶೇಂಗಾ ಹೊಟ್ಟು, ತೆಂಗಿನ ನಾರು, ಜೋಳದ ರವದಿ ಇವುಗಳಲ್ಲಿ ಯಾವುದು ದೊರೆತರೂ ಸರಿಯೇ. ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಬೇಕು. ತಾಗಿದರೆ ಬುಡ ಕೊಳೆಯುವ ಭಯವುಂಟು. ಗೆದ್ದಲಿನ ಅಂಜಿಕೆಯಿರುವಲ್ಲಿ ಮನೆಯ ಗೋಡೆಯಿಂದ ದೂರವಿಡಬೇಕು. ಮಳೆಗಾಲದಲ್ಲಿ ತೆಳುವಾಗಿಸಿ, ಮಾಗಿಯ ಕೊನೆಗೆ, ಬೇಸಿಗೆ ಕಾಲಿಡುವ ಮುನ್ನ, ಮತ್ತೆ ದಪ್ಪಗೊಳಿಸಬೇಕು. ವರ್ಷಕ್ಕೊಮ್ಮೆ ಮರಳಿ ಹಾಕಬೇಕಲ್ಲವೇ ಎಂದು ಬೇಸರಪಡಬೇಕಾಗಿಲ್ಲ. ಹಿಂದಿನ ವರ್ಷ ಹಾಕಿದ್ದು ಅಷ್ಟರಲ್ಲಿ ಗೊಬ್ಬರವಾಗಿ ಗಿಡದ ಹೂವು ಕಾಯಿಗಳಲ್ಲಿ ಸೇರಿರುತ್ತದೆ.

ಪ್ರತಿದಿನ ಬೆಳಗ್ಗೆ ಅಂಗಳ ಗುಡಿಸುವ ತಾಯಂದಿರು ಆ ತರಗೆಲೆಗಳನ್ನು ಬೀದಿಯ ಕೊನೆಯಲ್ಲಿ ರಾಶಿಹಾಕಿ ಸುಡುವ ಬದಲು ಗಿಡದ ಬುಡಕ್ಕೆ ಒಯ್ದರೆ ಸಾಕು. ಹಳೆಯ ಟಯರಿನ ವಿಲೇವಾರಿಯನ್ನು ಅದಕ್ಕೆ ಹೊಣೆಯಾದ ಕಾರ್ಖಾನೆಗಳು ನೋಡಿಕೊಳ್ಳಲಿ. ಮೊಮ್ಮಕ್ಕಳು ನಾಳೆ ಕೈಯಾಡಿಸುವ ಹಿತ್ತಲ ಮಣ್ಣನ್ನು ಶುದ್ಧವಾಗಿ ಉಳಿಸುವ ಹೊಣೆ ಮನೆಯವರದು.