ಔಷಧದಾನದ ಕಪಾಟು

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಜತ್ತ ತಾಲೂಕಿನ ನಮ್ಮೂರ ಬಸದಿಯಲ್ಲಿ ಅದಕ್ಕೆಂದೇ ಒಂದು ಕಪಾಟು ಇಟ್ಟಿದ್ದೆವು. ಮನೆಯಲ್ಲಿ ಉಳಿದ ಗುಳಿಗೆ ಬಡವರಿಗಾದೀತೆಂಬ ಸದುದ್ದೇಶ. ಮೊನ್ನೆ ನಾವು ನಾಲ್ಕೈದು ಜನ ಕೂಡಿ ಅದನ್ನು ತೆಗೆದು ನೋಡಿದೆವು. ಕತ್ತರಿಸಿದ ಪಟ್ಟಿಗಳೇ ಹೆಚ್ಚು. ಹೆಸರಿದ್ದಲ್ಲಿ ಎಕ್ಸ್‌ಪೈರಿ ತಾರೀಖಿಲ್ಲ, ತಾರೀಖಿದ್ದಲ್ಲಿ ಹೆಸರಿಲ್ಲ. ಮಕ್ಕಳ ಕೆಮ್ಮಿನ ಔಷಧದ ಒಡೆದ ಬಾಟಲಿಗಳೂ ಇದ್ದವು. ಒಂದು ಇನ್ಸುಲಿನ್ ಸೀಸೆಯಂತೂ ಬೇಸಿಗೆಯನ್ನೆಲ್ಲ ಅಲ್ಲಿಯೇ ಕಳೆದಿತ್ತು! ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಿಸಿಲಿಗೆ ಸತ್ವ ಕಳೆದುಕೊಂಡದ್ದು ಕಣ್ಣಿಗೆ ಕಾಣಲಿಕ್ಕಿಲ್ಲ. ಚುಚ್ಚಿಕೊಂಡವರಿಗೆ ಮಾತ್ರ ಸಕ್ಕರೆ ಇಳಿಯದು.

ಔಷಧ ಅಂಗಡಿಗೆ ಪರವಾನಗಿ, ನೋಂದಾಯಿತ ಫಾರ್ಮಸಿಸ್ಟ್, ಫ್ರಿಜ್ ಬೇಕೆಂಬ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. 1945ರ ನಿಯಮಗಳ ‘ಎಚ್’ ಪಟ್ಟಿಯ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. 2014ರ ಮಾರ್ಚ್‌ನಿಂದ, ಹಲವು ಆ್ಯಂಟಿಬಯೋಟಿಕ್‌ಗಳಿರುವ ‘ಎಚ್ 1’ ಪಟ್ಟಿಯ ಔಷಧ ಕೊಟ್ಟರೆ ರೋಗಿಯ ಹಾಗೂ ವೈದ್ಯರ ಹೆಸರು ಬರೆದ ಪುಸ್ತಕವನ್ನು 3 ವರ್ಷ ಕಾಯ್ದಿಡಬೇಕು. ನಮ್ಮ ಕಪಾಟಿನಿಂದ ಯಾರು ಏನು ಒಯ್ದರೆಂಬುದನ್ನು ಬರೆದಿಟ್ಟವರಾರು?

“ಹಂಗಾದ್ರ ದಾನಾನ ಬ್ಯಾಡೇನ್ರಿ?” ಎಂದು ಹಿರಿಯರಾದ ಅವ್ವನವರೊಬ್ಬರು ನೊಂದು ಕೇಳಿದರು. ಅವರು ತಂದಿಟ್ಟ ಬಿ.ಪಿ. ಗುಳಿಗೆಗಳೂ ಆ ರಾಶಿಯಲ್ಲಿದ್ದವು. “ದಾನ ಬೇಕ್ರೀ ಅವ್ವಾರ, ಉಳಿದದ್ದು ಬ್ಯಾಡ” ಎಂದೆವು.

ಈಗ ಕಪಾಟಿನ ಜಾಗದಲ್ಲಿ ಕಾಣಿಕೆ ಡಬ್ಬಿಯಿದೆ. ರೋಗಿ ವೈದ್ಯರ ಚೀಟಿ ತಂದರೆ ಅಂಗಡಿಯಿಂದ ಹೊಸ ಔಷಧ ಕೊಡಿಸಿ, ಬ್ಯಾಚ್ ನಂಬರಿರುವ ಬಿಲ್ಲನ್ನು ಬಸದಿಯ ವಹಿಗೆ ಅಂಟಿಸುತ್ತೇವೆ. ಮೊದಲ ಹತ್ತು ರೂಪಾಯಿ ಹಾಕಿದವರು ಆ ಅವ್ವನವರೇ.