ಉಪ್ಪಾಗೆ ಗುಳಿಗೆಯೂ ಊಟದ ತಟ್ಟೆಯೂ

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಉದುರುತ್ತದೆ. ಬಿಸಿಲೇ ಕಾಣದ ಆ ದಿನಗಳಲ್ಲಿ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ, ಹೊಗೆಯಲ್ಲಿ ಒಣಗಿಸುತ್ತಾರೆ. ಕಪ್ಪಗೆ ಸುಕ್ಕುಗಟ್ಟಿದ ಆ ಸಿಪ್ಪೆ ಅಡುಗೆಗೆ ಹುಳಿ, ಬೀಜದಿಂದ ತುಪ್ಪ. ಇದೇ ಹಣ್ಣಿನ ಸಾರ ‘ಗಾರ್ಸೀನಿಯಾ ಕಾಂಬೋಜಿಯಾ’ ಎಂಬ ಹೆಸರಿನಲ್ಲಿ, ಕೊಬ್ಬು ಕರಗಿಸುವ ಗುಳಿಗೆಯಾಗಿ ಜಗತ್ತಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ.

ನಿಜಕ್ಕೂ ಕರಗಿಸುತ್ತದೆಯೇ? 1998ರಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. 135 ಮಂದಿಯನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಈ ಸಾರವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ಎರಡೂ ಗುಂಪಿಗೆ ಮಿತವಾದ ಊಟವನ್ನೇ ಹೇಳಿದ್ದರು. ತೂಕ ಎರಡೂ ಗುಂಪಿನಲ್ಲಿ ಇಳಿಯಿತು. ಸಾರ ನುಂಗಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಕೆಲಸ ಮಾಡಿದ್ದು ಊಟ.

ತೂಕ ಇಳಿಯುವುದು ಹೇಗೆ?

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ತಿಂದರೆ ಅಥವಾ ಹೆಚ್ಚು ಖರ್ಚು ಮಾಡಿದರೆ ವಾರಕ್ಕೆ ಅರ್ಧ ಕಿಲೋ ಹತ್ತಿರ ಇಳಿಯಬಹುದು. ಇದು ಸುರಕ್ಷಿತ ವೇಗವೂ ಹೌದು. ಉಪವಾಸ ಮಾಡಿ ಮೊದಲ ವಾರ ಮೂರು ಕಿಲೋ ಇಳಿಸಿದವರು ಕಳೆದುಕೊಂಡದ್ದು ಬಹುಪಾಲು ನೀರು. ದೇಹ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ಕರಗುವಾಗ ಅದರೊಂದಿಗಿದ್ದ ನೀರೂ ಹೋಗುತ್ತದೆ, ಉಂಡ ಕೂಡಲೇ ಮರಳುತ್ತದೆ. ಹಸಿವು ಕಟ್ಟಿ ಇಳಿಸುವವರಿಗೆ ಮಾಂಸಖಂಡವೂ ಸವೆಯುತ್ತದೆ.

ತಟ್ಟೆಯಲ್ಲಿ ಬದಲಾಯಿಸಬೇಕಾದದ್ದು

ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು ಎಂದು ಹಲವರು ನಂಬಿದ್ದಾರೆ. ತೂಕಕ್ಕೆ ತೂಕ ನೋಡಿದರೆ ಅಕ್ಕಿ, ರಾಗಿ ಎರಡರ ಕ್ಯಾಲೊರಿಯೂ ಹೆಚ್ಚು ಕಡಿಮೆ ಒಂದೇ. ರಾಗಿಯಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ. ಆದರೆ ಎರಡು ದಪ್ಪ ಮುದ್ದೆ ನುಂಗಿದರೆ ಆ ಲಾಭ ಉಳಿಯುವುದಿಲ್ಲ.

ಅರ್ಧ ತಟ್ಟೆ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಹುರುಳಿ, ಹೆಸರುಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗಕ್ಕೆ ಅನ್ನ ಅಥವಾ ಮುದ್ದೆ. ಮೊದಲು ಕೋಸಂಬರಿ ತಿನ್ನಿ, ಅನ್ನ ಆಮೇಲೆ ಬರಲಿ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂಗೂ ಹೆಚ್ಚು, ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ.

ಇನ್ನು ಕಾಣದೆ ಸೇರುವ ಕ್ಯಾಲೊರಿ. ದಿನಕ್ಕೆ ಮೂರು ಲೋಟ ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 30 ಗ್ರಾಂ, ಅಂದರೆ 120 ಕ್ಯಾಲೊರಿ, ತಿಂಗಳಿಗೆ 3,600. ಒಂದು ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ. ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ದಾಟುತ್ತಿದ್ದರೆ ಕೈ ಬಿಗಿಹಿಡಿಯಬೇಕು.

ಪೂರಕಗಳು ಯಾರಿಗೆ?

ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ವಿಟಮಿನ್ ಡಿ, ಬಿ12, ಕಬ್ಬಿಣದ ಗುಳಿಗೆ ಬೇಕೇ ಬೇಕು. ಅವು ಕೊರತೆ ತುಂಬುತ್ತವೆಯೇ ಹೊರತು ತೂಕ ಇಳಿಸುವುದಿಲ್ಲ. ಊಟದಲ್ಲಿ ಪ್ರೋಟೀನ್ ಸಾಲದವರಿಗೆ ಪುಡಿ ನೆರವಾಗಬಹುದು. ಅದರಲ್ಲೂ ಕ್ಯಾಲೊರಿ ಇದೆ ಎಂಬುದು ನೆನಪಿರಲಿ. ಗಾರ್ಸೀನಿಯಾ, ಗಾಢ ಗ್ರೀನ್ ಟೀ ಸಾರದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಹೃದಯಕ್ಕೆ ಅಪಾಯವೆಂದು ಭಾರತ 2011ರಲ್ಲಿ ನಿಷೇಧಿಸಿದ ಸಿಬುಟ್ರಮಿನ್ ಎಂಬ ಔಷಧ, ‘ಗಿಡಮೂಲಿಕೆ’ ಎಂದು ಮಾರುವ ತೂಕ ಇಳಿಸುವ ಉತ್ಪನ್ನಗಳಲ್ಲಿ ಗುಟ್ಟಾಗಿ ಬೆರೆತು ಸಿಕ್ಕಿಬಿದ್ದದ್ದೂ ಇದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವುದನ್ನೂ ಮುಟ್ಟಬಾರದು, ಊಟವನ್ನೂ ಒಮ್ಮೆಲೇ ಕಡಿತ ಮಾಡಬಾರದು.

ಎಲ್ಲವನ್ನೂ ನಾಳೆಯೇ ಬದಲಾಯಿಸಲು ಹೊರಟವರು ಹದಿನೈದು ದಿನಕ್ಕೆ ಸೋಲುತ್ತಾರೆ. ಈ ವಾರ ಕಾಫಿಯ ಸಕ್ಕರೆ ಅರ್ಧ ಮಾಡಿ. ನಾಲಿಗೆ ಒಗ್ಗಿದ ಮೇಲೆ ಎಣ್ಣೆ ಅಳೆಯಿರಿ, ಆಮೇಲೆ ಪಲ್ಯ ಹೆಚ್ಚಿಸಿ. ಹತ್ತು ವರ್ಷ ಬಿಡದೆ ಉಣ್ಣಬಲ್ಲ ಊಟ ಯಾವುದೋ, ನಿಮ್ಮ ತೂಕವನ್ನು ಕಾಯುವುದು ಅದೇ. ಉಪ್ಪಾಗೆ ಸಾರಿನಲ್ಲೇ ಇರಲಿ.